ಎರಡು ಮನೆಗೆ ಒಂದೇ ಚೀಲ

ನನ್ನ ಬಲಭುಜ ಎಡಭುಜಕ್ಕಿಂತ ತಗ್ಗಿದೆ ಎಂದು ಮೊದಲು ಹೇಳಿದವರು ಡಾಕ್ಟರಲ್ಲ, ಸಿಂದಗಿಯಲ್ಲಿ ನನಗೆ ಅಂಗಿ ಹೊಲಿದುಕೊಡುವ ದರ್ಜಿ. ಬೆನ್ನ ಮೇಲೆ ಟೇಪು ಹಿಡಿದವರು ಮತ್ತೊಮ್ಮೆ ಹಿಡಿದು ನೋಡಿ, ಬಾಗಿಲ ಬದಿಯ ಸ್ಟೂಲಿನ ಮೇಲಿದ್ದ ನನ್ನ ಕ್ಯಾಮೆರಾ ಚೀಲದ ಕಡೆ ಗದ್ದ ಎತ್ತಿ ತೋರಿಸಿದರು. ಆ ಚೀಲ ನಿಮ್ಮನ್ನು ಒಂದೇ ಕಡೆ ಜಗ್ಗುತ್ತಿದೆ, ಇನ್ನು ಮುಂದೆ ನಿಮ್ಮ ಅಂಗಿಯ ಎರಡೂ ತೋಳನ್ನು ಬೇರೆ ಬೇರೆ ಅಳತೆಯಲ್ಲಿ ಹೊಲಿಯಬೇಕಾದೀತು ಎಂದರು. ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಅದು ಒಂದೇ ಪಟ್ಟಿಯ ಚೀಲ. ಸ್ಟುಡಿಯೋ ತೆರೆದಾಗ ಕೊಂಡದ್ದು. ಕ್ಯಾಮೆರಾ, ಲೆನ್ಸು, ಫ್ಲ್ಯಾಶು, ಬ್ಯಾಟರಿ ಎಲ್ಲವನ್ನೂ ಅದರಲ್ಲಿ ತುರುಕಿ, ಹೆಗಲಿಗೆ ಹಾಕಿಕೊಂಡು, ಬೈಕಿನ ಮೇಲೆ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ತಿರುಗಿದ್ದೇನೆ. ಈಗಿನ ಮದುಮಕ್ಕಳು ಮದುವೆಗೆ ಮೊದಲೇ ಆಲಮಟ್ಟಿಯ ಹಿನ್ನೀರಿಗೆ ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ, ಅಲ್ಲಿಗೂ ಅದೇ ಚೀಲ. ಪಟ್ಟಿ ಹರಿದಾಗ ಚಮ್ಮಾರರ ಹತ್ತಿರ ದಪ್ಪ ದಾರ ಹಾಕಿಸಿದ್ದೆ. ಜಿಪ್ಪಿಗೆ ಮಾತ್ರ ಯಾರ ಹತ್ತಿರವೂ ಮದ್ದಿರಲಿಲ್ಲ. ಕೆಲವು ಬೀಗರ ಬಾಯಿಯ ಹಾಗೆ, ಎಷ್ಟು ಸಲ ಮುಚ್ಚಿದರೂ ಮತ್ತೆ ತೆರೆದುಕೊಳ್ಳುತ್ತಿತ್ತು.

ಮದುವೆ ನನ್ನ ಅರ್ಧ ಕೆಲಸ. ಉಳಿದರ್ಧವನ್ನು ಸ್ಟುಡಿಯೋದ ಬೋರ್ಡಿನ ಮೇಲೆ ಬರೆಸಿಲ್ಲ, ಆದರೂ ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತು. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಹಚ್ಚಿ, ಗಂಡಸಾದರೆ ತಲೆಗೆ ರುಮಾಲು ಸುತ್ತಿ, ಹೂ ಹಾಕಿ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಬದಿಗೆ ಭಜನೆ ನಡೆದಿರುತ್ತದೆ. ಮನೆಯವರೆಲ್ಲ ಸುತ್ತ ಕುಳಿತು ಒಂದು ಫೋಟೋ ತೆಗೆಸುತ್ತಾರೆ. ಈಗ ಎಲ್ಲರ ಕೈಯಲ್ಲೂ ಮೊಬೈಲು ಇದೆ, ಆದರೆ ಗೋಡೆಗೆ ತೂಗುವ ಫೋಟೋಕ್ಕೆ ಇಂದಿಗೂ ನನ್ನನ್ನೇ ಕರೆಯುತ್ತಾರೆ. ಮದುವೆ ಮನೆಯ ರೂಢಿಯಿಂದ "ಈ ಕಡೆ ನೋಡ್ರಿ" ಎಂಬ ಮಾತು ನಾಲಿಗೆಯ ತುದಿಗೆ ಬಂದುಬಿಡುತ್ತದೆ, ಕಚ್ಚಿಕೊಳ್ಳಬೇಕು. ಹೊರಡುವಾಗ "ಬರ್ತೇನಿ" ಎನ್ನಬಾರದು, ಸುಮ್ಮನೆ ಎದ್ದು ಬರಬೇಕು.

ಈ ಕೆಲಸ ಬಿಟ್ಟುಬಿಡು ಎಂದವರಿದ್ದಾರೆ. ಬಿಡಲಾರೆ. ನನ್ನ ಅಪ್ಪ ತೀರಿಕೊಂಡಾಗ ನಾನು ತೊಟ್ಟಿಲಲ್ಲಿದ್ದೆ. ಬದುಕಿದ್ದಾಗ ಅವರು ಒಂದೂ ಫೋಟೋ ತೆಗೆಸಿಕೊಂಡವರಲ್ಲ. ಅಂದು ಆಲಮೇಲದಿಂದ ಯಾರೋ ಒಬ್ಬರು ಕ್ಯಾಮೆರಾ ಹೊತ್ತು ಬಂದು ತೆಗೆದ, ಕೂಡಿಸಿದ ಫೋಟೋವೊಂದೇ ನಮ್ಮ ಮನೆಯಲ್ಲಿದೆ. ಅಪ್ಪನ ಮುಖ ನನಗೆ ಗೊತ್ತಿರುವುದು ಅದರಿಂದ ಮಾತ್ರ. ಆವತ್ತು ಆ ಮನುಷ್ಯ ಮೈಲಿಗೆಗೆ ಹೆದರಿ ಬಾರದೆ ಹೋಗಿದ್ದರೆ ನನಗೆ ಆ ಮುಖವೂ ಇರುತ್ತಿರಲಿಲ್ಲ.

ಸಾವಿನ ಮನೆಯಿಂದ ಬಂದವನು ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಅದನ್ನು ನಾನು ಒಮ್ಮೆಯೂ ತಪ್ಪಿಸಿಲ್ಲ. ಆದರೆ ಕ್ಯಾಮೆರಾಕ್ಕೆ ಸ್ನಾನ ಮಾಡಿಸಲಾಗುವುದಿಲ್ಲ. ಚೀಲವನ್ನು ಮನೆಯ ಹೊರಗಿನ ಕಟ್ಟೆಯ ಮೇಲಿಟ್ಟು ಹೆಂಡತಿ ನಾಲ್ಕು ಹನಿ ನೀರು ಚಿಮುಕಿಸುತ್ತಿದ್ದಳು, ಅಲ್ಲಿಗೆ ಮುಗಿಯಿತು. ನಮಗೆ ಮುಗಿಯಿತು, ಊರಿಗೆ ಮುಗಿದಿರಲಿಲ್ಲ. ಇಂಡಿಯ ಒಂದು ಮದುವೆಯಲ್ಲಿ ಹುಡುಗಿಯ ಕಾಕಾ ನನ್ನನ್ನು ಹಂದರದ ಬಾಗಿಲಲ್ಲೇ ತಡೆದರು. ಹಿಂದಿನ ದಿನ ಅವರ ಗುರುತಿನವರೊಬ್ಬರು ತೀರಿಕೊಂಡಾಗ ನನ್ನನ್ನೂ ಚೀಲವನ್ನೂ ಆ ಮನೆಯಲ್ಲಿ ನೋಡಿದ್ದರಂತೆ. ನೀವು ಒಳಗೆ ಬನ್ನಿ, ಚೀಲ ಹೊರಗಿರಲಿ ಎಂದರು. ನಾನೂ ಚೀಲವೂ ಹೋದದ್ದು ಒಂದೇ ಮನೆಗೆ, ಮೈಲಿಗೆ ಚೀಲಕ್ಕೆ ಮಾತ್ರ ಹೇಗೆ ಎಂದು ಕೇಳಬೇಕೆನಿಸಿತು. ಹೊಟ್ಟೆಪಾಡು, ಕೇಳಲಿಲ್ಲ. ಅಂದು ಲೆನ್ಸು ಬದಲಿಸಬೇಕಾದಾಗಲೆಲ್ಲ ಹಂದರದಿಂದ ಹೊರಗೆ ಓಡಿದೆ. ತಾಳಿ ಕಟ್ಟುವ ಫೋಟೋವನ್ನೂ ಸಿಟ್ಟಿನಲ್ಲೇ ತೆಗೆದೆ.

ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ಹೇಗಿದ್ದರೂ ಹೊಸ ಚೀಲ ಬೇಕು, ಎರಡು ತನ್ನಿ ಎಂದಳು ಹೆಂಡತಿ. ಮದುವೆಗೊಂದು, ಮಣ್ಣಿಗೊಂದು. ಬಣ್ಣ ಬೇರೆ ಬೇರೆ ಇರಲಿ, ನೋಡಿದವರಿಗೆ ದೂರದಿಂದಲೇ ತಿಳಿಯಲಿ ಎಂದಳು. ಒಳಗಿನ ಕ್ಯಾಮೆರಾ ಒಂದೇ ತಾನೆ ಎಂದೆ. ಒಳಗಿನದನ್ನು ಯಾರು ನೋಡುತ್ತಾರೆ ಎಂದಳು. ಆಕೆಯ ಮಾತಿನಲ್ಲಿ ತಪ್ಪೇನಿರಲಿಲ್ಲ. ಜನ ಮದುವೆಗೆ ಕರೆಯುವುದನ್ನು ಬಿಟ್ಟರೆ ಸ್ಟುಡಿಯೋದ ಬಾಗಿಲು ಹಾಕಬೇಕಾಗುತ್ತದೆ. ಹ್ಞೂಂ ಎಂದೆ. ಮದುವೆಯ ಹಂಗಾಮು ಮುಗಿದ ಮೇಲೆ ತರುವುದೆಂದು ಮಾತಾಯಿತು.

ಹಂಗಾಮು ಮುಗಿಯುವ ಮೊದಲೇ ಅದು ನಡೆಯಿತು.

ಬಸವನ ಬಾಗೇವಾಡಿಯಲ್ಲಿ ಒಂದು ದೊಡ್ಡ ಮದುವೆ. ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತಿಗೆ ಫೋಟೋ ತೆಗೆಯುವವನು ಮದುಮಕ್ಕಳ ಎದುರಿಗೇ ನಿಂತಿರುತ್ತಾನೆ. ಹಿಂದಿನಿಂದ ಊರೆಲ್ಲ ಎಸೆಯುವ ಕಾಳಿನಲ್ಲಿ ಅವರಿಗಿಂತ ಹೆಚ್ಚು ಇವನ ತಲೆಗೇ ಬೀಳುತ್ತದೆ. ಆ ಲೆಕ್ಕದಲ್ಲಿ ಈ ಜಿಲ್ಲೆಯಲ್ಲಿ ನನ್ನಷ್ಟು ಸಲ ಮದುವೆಯಾದವರು ಯಾರೂ ಇರಲಿಕ್ಕಿಲ್ಲ. ಅಂದು ಬಾಯಿ ತೆರೆದ ಚೀಲದೊಳಗೂ ಅರಿಷಿಣದ ಅಕ್ಕಿಕಾಳು ಬಿದ್ದಿದ್ದವು. ನಾನು ನೋಡಿರಲಿಲ್ಲ.

ಮರುದಿನ ಬೆಳಗ್ಗೆ ಯಂಕಂಚಿಯ ಆಚೆಗಿನ ಒಂದು ಹಳ್ಳಿಯಿಂದ ಫೋನು ಬಂತು. ಹೋಗಿ ನೋಡಿದರೆ, ಕೂಡಿಸಿದ್ದು ಮೀಸೆ ಈಗಷ್ಟೇ ದಟ್ಟವಾಗುತ್ತಿದ್ದ ಹುಡುಗನನ್ನು. ಜ್ವರ ತಲೆಗೇರಿತ್ತಂತೆ. ಹೆಣ್ಣು ನೋಡಿ ಬಂದಿದ್ದರು, ಸುಗ್ಗಿಯಾದ ಮೇಲೆ ಮದುವೆ ಎಂದು ಮಾತಾಗಿತ್ತು ಎಂದು ಅಂಗಳದಲ್ಲಿದ್ದವರು ಮೆಲ್ಲಗೆ ಹೇಳಿದರು. ಆತನ ಎಡಕ್ಕೆ ತಾಯಿ ಗೋಡೆಗೆ ಆತು ಕುಳಿತಿದ್ದರು. ಅಳುತ್ತಿರಲಿಲ್ಲ. ಮಗನ ಮುಂಗೈ ಹಿಡಿದುಕೊಂಡಿದ್ದರು, ಅಷ್ಟೇ.

ಆತನ ರುಮಾಲು ಒಂದು ಬದಿಗೆ ಜಾರಿ ಹುಬ್ಬು ಮುಚ್ಚಿತ್ತು. ಫೋಟೋದಲ್ಲಿ ಅದು ಹಾಗಿರಬಾರದು. ಮನೆಯವರನ್ನು ಕೇಳಿ, ಸರಿಪಡಿಸಲು ಆತನ ಮುಂದೆ ಬಾಗಿದೆ. ಒಂದೇ ಪಟ್ಟಿಯ ಚೀಲ ಬಾಗಿದಾಗ ಬೆನ್ನಿನಿಂದ ಮುಂದಕ್ಕೆ ಜಾರಿ ಬರುತ್ತದೆ. ಬಂತು, ಬಾಯಿ ತೆರೆಯಿತು. ಬಾಗೇವಾಡಿಯ ಅಕ್ಕಿಕಾಳು ಆತನ ತೊಡೆಯ ಮೇಲೆ ಸುರಿದವು.

ಭಜನೆ ನಿಂತಿತು. ಬಿಳಿ ಧೋತರದ ಮೇಲೆ ಹಳದಿ ಕಾಳು. ಅಲ್ಲಿದ್ದ ಯಾರಿಗೂ ಅದೇನೆಂದು ಹೇಳಬೇಕಾಗಿರಲಿಲ್ಲ. ಭೂಮಿ ಬಾಯಿ ತೆರೆದು ನುಂಗಬಾರದೇ ಎನಿಸಿತು. ಹುಡುಗನ ದೊಡ್ಡಪ್ಪ ಸರಸರನೆ ಬಂದು, ನನ್ನ ಕಡೆ ನೋಡದೆ, ಕಾಳು ಕೊಡವಲು ಕೈ ಚಾಚಿದರು. ಆಗ ತಾಯಿ ತಲೆ ಎತ್ತಿದರು.

"ಇರ್ಲಿ ಬಿಡ್ರಿ," ಎಂದರು ಭಾವನಿಗೆ. "ತೆಗೀಬ್ಯಾಡ್ರಿ."

ದೊಡ್ಡಪ್ಪನ ಕೈ ಅಲ್ಲೇ ನಿಂತಿತು. ನಾನು ರುಮಾಲು ಸರಿಪಡಿಸಿ, ಹಿಂದೆ ಸರಿದು, ಫೋಟೋ ತೆಗೆದೆ. ಕಣ್ಣು ಮಂಜಾಗಿ ಫೋಕಸು ಕೂತಿದೆಯೋ ಇಲ್ಲವೋ ಕಾಣಲಿಲ್ಲ, ಕ್ಯಾಮೆರಾದ ಮೇಲೆ ಭಾರ ಹಾಕಿದೆ.

ಸಂಜೆ ದೊಡ್ಡಪ್ಪನ ಫೋನು ಬಂತು. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಆಕೆ ದುಃಖದಲ್ಲಿ ಏನೋ ಅಂದಳು, ಗೋಡೆಗೆ ತೂಗುವ ಫೋಟೋದಲ್ಲಿ ಆ ಕಾಳು ಕಾಣಬಾರದು, ತೆಗೆದುಬಿಡಿ ಎಂದರು. ನನಗೂ ಅದೇ ಸರಿ ಎನಿಸಿತು. ನಮ್ಮ ಸ್ಟುಡಿಯೋದಲ್ಲಿ ಕಂಪ್ಯೂಟರಿನ ಕೆಲಸವೆಲ್ಲ ಹೆಂಡತಿಯದು. ಮದುಮಗಳ ಮುಖದ ಮೊಡವೆ ಅಳಿಸುವಷ್ಟೇ ನಾಜೂಕಾಗಿ ಒಂದೊಂದೇ ಕಾಳು ಅಳಿಸುತ್ತ ಕುಳಿತಳು. ಧೋತರ ಮತ್ತೆ ಬೆಳ್ಳಗಾಯಿತು. ಗಾಜಿನ ಕಟ್ಟು ಹಾಕಿಸಿಟ್ಟೆವು.

ಒಯ್ಯಲು ದೊಡ್ಡಪ್ಪ ಬರುತ್ತಾರೆಂದುಕೊಂಡಿದ್ದೆವು. ಬಂದವರು ತಾಯಿ. ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ಪಾಸ್‌ಪೋರ್ಟ್ ಫೋಟೋಕ್ಕೆ ಜನರನ್ನು ಕೂಡಿಸುವ ಸ್ಟೂಲಿನ ಮೇಲೆ ಕುಳಿತು, ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು, ಸ್ವಚ್ಛವಾಗಿಯೇ ಇದ್ದ ಗಾಜನ್ನು ಸೆರಗಿನಿಂದ ಒರೆಸಿದರು. ಮುಖ ನೋಡಿದರು. ಆಮೇಲೆ ಕೆಳಗೆ ನೋಡಿದರು. ತುಸು ಹೊತ್ತು ಏನನ್ನೋ ಹುಡುಕಿದಂತೆ ಕಂಡಿತು.

"ಅವು ಎಲ್ಲಿ ಹ್ವಾದುವು?" ಎಂದು ನನ್ನ ಹೆಂಡತಿಯನ್ನು ಕೇಳಿದರು.

ಹೆಂಡತಿ ನನ್ನ ಮುಖ ನೋಡಿದಳು. ಮನೆಯ ಹಿರಿಯರು ಹೇಳಿದರು, ಅದಕ್ಕೇ ತೆಗೆದೆವು ಎಂದು ನಾನು ತೊದಲಿದೆ. ತಾಯಿ ಸಿಟ್ಟಾಗಲಿಲ್ಲ. ಗಾಜಿನ ಮೇಲೆ, ಕಾಳು ಬಿದ್ದಿದ್ದ ಜಾಗದಲ್ಲಿ ಬೆರಳಾಡಿಸಿದರು.

"ಯಾರ ಹೆಸರಿಲೆ ಬಿದ್ದಿದ್ವೋ ಏನೋ ತಮ್ಮಾ, ನನ್ನ ಮಗನ ಮ್ಯಾಲೂ ಅಕ್ಕಿಕಾಳು ಬಿದ್ವು. ಇನ್ಯಾವಾಗ ಬೀಳ್ತಿದ್ವು ಹೇಳು?"

ಹೆಂಡತಿ ಎದ್ದು ಕಂಪ್ಯೂಟರಿನ ಮುಂದೆ ಕುಳಿತಳು. ನನ್ನ ಕಡೆ ಬೆನ್ನು ಮಾಡಿದ್ದಳು, ಆದರೂ ಅಳುತ್ತಿದ್ದಾಳೆಂದು ಭುಜ ಹೇಳುತ್ತಿತ್ತು. ಮೂಲ ಫೋಟೋ ಹಾಗೆಯೇ ಇತ್ತು. ಮತ್ತೆ ಪ್ರಿಂಟು ತೆಗೆದು, ಅದೇ ಕಟ್ಟಿನಲ್ಲಿ ಹಾಕಿಕೊಟ್ಟೆವು. ತಾಯಿ ನೋಡಿ ತಲೆಯಾಡಿಸಿದರು. ಸೆರಗಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದರು.

ಹಂಗಾಮು ಮುಗಿದ ಮೇಲೆ ನಾನು ವಿಜಯಪುರಕ್ಕೆ ಹೊರಟೆ. ಅಂದು ಬೆಳಗ್ಗೆ ಹೆಂಡತಿ ಎರಡು ತನ್ನಿ ಎನ್ನಲಿಲ್ಲ. ಒಂದು ಸಾಕು ಎಂದೂ ಅನ್ನಲಿಲ್ಲ.

ಅಂಗಡಿಯವರು ಬೆನ್ನಿಗೆ ಹಾಕುವ ಚೀಲಗಳನ್ನು ಸಾಲಾಗಿ ಇಟ್ಟರು. ಮುಂದಿನಿಂದ ತೆರೆಯುವಂಥದ್ದು, ಪಕ್ಕದಲ್ಲಿ ಕಿಂಡಿಯಿದ್ದು ಹೊತ್ತುಕೊಂಡೇ ಕ್ಯಾಮೆರಾ ಎಳೆದುಕೊಳ್ಳುವಂಥದ್ದು, ಬೆನ್ನಿಗೆ ತಾಗುವ ಬದಿಯಿಂದ ಮಾತ್ರ ತೆರೆಯುವಂಥದ್ದು. ಯಾವ ಕೆಲಸಕ್ಕೆ ಎಂದು ಕೇಳಿದರು. ಮದುವೆಗೆ ಎಂದೆ. ಆಮೇಲೆ ತಡೆದು, ಸತ್ತವರ ಮನೆಗೂ ಹೋಗುತ್ತೇನೆ ಎಂದೆ. ಅಂಗಡಿಯಲ್ಲಿ ನಿಂತು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವರ ಕೈ ಚೀಲದ ಮೇಲೆ ಒಂದು ಗಳಿಗೆ ನಿಂತು ಮತ್ತೆ ಸರಿದಾಡಿತು.

ಕ್ಯಾಮೆರಾ, ಲೆನ್ಸುಗಳನ್ನು ಜೊತೆಗೇ ಒಯ್ದಿದ್ದೆ. ಖಾಲಿ ಚೀಲ ಎಲ್ಲರ ಬೆನ್ನಿಗೂ ಚೆನ್ನಾಗಿಯೇ ಕೂಡುತ್ತದೆ, ತುಂಬಿ ಹೊತ್ತಾಗಲೇ ಅದರ ಗುಣ ತಿಳಿಯುವುದು. ಒಂದೊಂದರಲ್ಲೂ ಎಲ್ಲವನ್ನೂ ತುಂಬಿ, ಪಟ್ಟಿ ಬಿಗಿದು, ಅಂಗಡಿಯಲ್ಲಿದ್ದ ಖಾಲಿ ಕುರ್ಚಿಯ ಮುಂದೆ ನಿಂತು, ರುಮಾಲು ಸರಿಪಡಿಸುವವನಂತೆ ಬಾಗಿ ನೋಡಿದೆ. ಅಂಗಡಿಯವರು ನಕ್ಕರು. ನಕ್ಕರೆ ನಗಲಿ. ಬೆನ್ನ ಬದಿಯಿಂದ ತೆರೆಯುವ ಚೀಲ ಎಷ್ಟು ಬಾಗಿದರೂ ಅಲುಗಲಿಲ್ಲ. ಅದರ ಬಾಯಿ ನನ್ನ ಬೆನ್ನಿಗೇ ಒತ್ತಿಕೊಂಡಿತ್ತು, ಒಳಗೆ ಏನೂ ಬೀಳುವ ಹಾಗಿಲ್ಲ, ಹೊರಗೆ ಏನೂ ಚೆಲ್ಲುವ ಹಾಗಿಲ್ಲ. ಬೂದುಬಣ್ಣದ್ದು ತೆಗೆದುಕೊಳ್ಳಿ, ಧೂಳು ಕಾಣುವುದಿಲ್ಲ ಎಂದರು. ವಿಭೂತಿಯೂ ಕಾಣುವುದಿಲ್ಲ ಎಂದುಕೊಂಡೆ. ಕಪ್ಪಿನ ಮೇಲೆ ವಿಭೂತಿಯೂ ಕಾಣುತ್ತದೆ, ಅರಿಷಿಣವೂ ಕಾಣುತ್ತದೆ. ಕಾಣಲಿ ಎಂದು ಕಪ್ಪನ್ನೇ ತೆಗೆದುಕೊಂಡೆ. ಇನ್ನೊಂದು ಬೇಕೇ ಎಂದು ಅವರು ಕೇಳಲಿಲ್ಲ, ಕೇಳಿದ್ದರೂ ಬೇಡ ಎನ್ನುತ್ತಿದ್ದೆ. ಹಳೆಯ ಚೀಲವನ್ನು ಅಲ್ಲೇ ಬಿಟ್ಟುಬಂದೆ.

ಮನೆಗೆ ಬಂದಾಗ ಹೆಂಡತಿಯ ಕಣ್ಣು ನನ್ನ ಕೈಗಳ ಕಡೆ ಹೋಯಿತು. ಎರಡೂ ಖಾಲಿ, ಬೆನ್ನಿಗೊಂದೇ ಚೀಲ. ಮನೆಗೆ ಬಂದ ಹೊಸ ವಸ್ತುವಿಗೆಲ್ಲ ಮಾಡುವಂತೆ ಅದನ್ನು ದೇವರ ಮುಂದೆ ಇಟ್ಟು, ಅರಿಷಿಣ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿದಳು.

ಮರುದಿನ ಬೆಳಗ್ಗೆ ಫೋನು ಬಂತು. ಮದುವೆ ಮನೆಯದಲ್ಲ. ಆಲಮೇಲದಲ್ಲಿ ಒಬ್ಬ ಮುತ್ತಜ್ಜಿ ತೀರಿಕೊಂಡಿದ್ದರು. ಚೀಲ ತುಂಬಿ ಹೊಸ್ತಿಲಿಗೆ ತಂದಿಟ್ಟೆ. ಕಪ್ಪು ಬಟ್ಟೆಯ ಮೇಲೆ ಕುಂಕುಮ ಎದ್ದು ಕಾಣುತ್ತಿತ್ತು. ಇಂಡಿಯ ಹಂದರದ ಬಾಗಿಲು ಕಣ್ಣ ಮುಂದೆ ಬಂತು. ಹೋಗುತ್ತಿರುವುದು ಎಂಥ ಮನೆಗೆ ಎಂಬುದೂ ನೆನಪಾಯಿತು. ಲೆನ್ಸು ಒರೆಸುವ ಬಟ್ಟೆ ತೆಗೆದು ಚೀಲದ ಮುಂದೆ ಬಾಗಿದೆ. ಅಡುಗೆಮನೆಯಿಂದ ಹೆಂಡತಿ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಇರ್ಲಿ ಬಿಡ್ರಿ," ಎಂದಳು. "ಒರಸಬ್ಯಾಡ್ರಿ."

ಎರಡೂ ಪಟ್ಟಿಗಳನ್ನು ಆಕೆಯೇ ನನ್ನ ಹೆಗಲಿಗೆ ಏರಿಸಿದಳು.