ಹವಾಲ್ದಾರ ಕೊಡಿಸಿದ ದೋಸೆ

ಹಳೆಯ ಕಾರು ಕೊಳ್ಳಲು ಹೋಗುವವರಿಗೆ ನಾನು ಹೇಳುವುದು ಒಂದೇ ಮಾತು: ಬೆಲೆ ಕುದುರದಿದ್ದರೆ ಎದ್ದು ಹೊರಡಿ. ಬಾಗಿಲು ದಾಟುವುದರೊಳಗೆ ಕರೆಯುತ್ತಾರೆ. ಡೆಟ್ರಾಯಿಟ್‌ಗೆ ಬಂದ ಹೊಸದರಲ್ಲಿ ಸೋಫಾ, ಟಿ.ವಿ., ಕೊನೆಗೆ ಮನೆಯನ್ನೂ ನಾನು ಹೀಗೆಯೇ ಕೊಂಡೆ. ಈ ವಿದ್ಯೆ ಕೈಕೊಟ್ಟಿದ್ದು ಒಮ್ಮೆ ಮಾತ್ರ, ಎಪ್ಪತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ, ಹೆಂಡತಿಯ ತಂದೆ ಕೋಲಾರದಿಂದ ಬಂದು ನಮ್ಮ ಜೊತೆಯಲ್ಲಿದ್ದಾಗ.

ಕಾರಿನ ಅಂಗಡಿಯಲ್ಲಿ ಸೇಲ್ಸ್‌ಮನ್ ನಮ್ಮನ್ನು ಕೂರಿಸಿ ಕಾಫಿ ಕೊಟ್ಟ, ಡೋನಟ್ ಕೊಟ್ಟ. ನಾನು ಮುಟ್ಟಲಿಲ್ಲ. ಮಾವ ಎರಡು ತಿಂದರು. ಬೆಲೆ ಇಳಿಯಲಿಲ್ಲ. "ಬನ್ನಿ ಮಾವ, ಹೋಗೋಣ" ಎಂದು ಕೋಟು ಹಾಕಿಕೊಂಡೆ. ಮಾವ ಕುರ್ಚಿ ಬಿಟ್ಟು ಏಳಲಿಲ್ಲ.

"ಎಲ್ಲಿಗೆ ಹೋಗೋದು ಅಳಿಯಂದ್ರೇ? ತಿಂದಾಯ್ತಲ್ಲ!"

"ತಿಂದ್ರೇನಾಯ್ತು? ಅದು ಬಂದೋರಿಗೆಲ್ಲ ಇಟ್ಟಿರೋದು."

"ಇಟ್ಟಿರಬಹುದು. ತಿಂದೋನು ನಾನು. ತಿಂದು ಬೆನ್ನು ತಿರುಗಿಸೋದು ನಮ್ಮ ಮನೇಲಿಲ್ಲ."

ಸೇಲ್ಸ್‌ಮನ್ನಿಗೆ ಕನ್ನಡ ಬಾರದಿದ್ದರೂ ನಮ್ಮ ಕಡೆಯವರೊಬ್ಬರು ಕೂತೇ ಇರುವುದು ಕಾಣುತ್ತಿತ್ತು. ನಗುತ್ತಾ ಇನ್ನೊಂದು ಡೋನಟ್ ಮುಂದಿಟ್ಟ. ನಾಳೆ ಬರುತ್ತೇವೆಂದು ಅವನಿಗೆ ಮಾತು ಕೊಟ್ಟ ಮೇಲೆಯೇ ಮಾವ ಎದ್ದರು.

ಬಸ್ಸಿನಲ್ಲಿ ಹಿಂದಿರುಗುವಾಗ ಮಾವ ತಮ್ಮ ಹಳೆಯ ಕಥೆ ಹೇಳಿದರು. ಎರಡನೇ ಮಹಾಯುದ್ಧದ ಕಾಲ. ಬ್ರಿಟಿಷರ ಸೈನ್ಯಕ್ಕೆ ಜನ ಸೇರಿಸಲು ಒಬ್ಬ ಹವಾಲ್ದಾರ ಕೋಲಾರಕ್ಕೆ ಬಂದಿದ್ದ. ಸಂತೆಗೆ ಹೋಗಿದ್ದ ಮಾವನ ಹೆಗಲ ಮೇಲೆ ಕೈಹಾಕಿ, ಹೋಟೆಲಿಗೆ ಕರೆದೊಯ್ದು ದೋಸೆ, ಕಾಫಿ ಕೊಡಿಸಿದ. ಆಮೇಲೆ, ಎದೆ ಅಳತೆ ಕೊಡು ಬಾ ಎಂದ. ದೋಸೆ ತಿಂದ ಬಾಯಲ್ಲಿ ಒಲ್ಲೆ ಎನ್ನಲು ಮಾವನಿಂದ ಆಗಲಿಲ್ಲ. ಅವರು ಸೈನ್ಯ ಸೇರಿದ ಸುದ್ದಿ ಮನೆಗೆ ಮುಟ್ಟಿದ್ದು ಸಂತೆಯಿಂದ ಮರಳಿದ ಊರಿನವರ ಬಾಯಿಂದ. ಬರ್ಮಾ ಗಡಿಯಿಂದ ವಾಪಸಾಗುವ ಹೊತ್ತಿಗೆ ಅವರ ತಾಯಿ ಇರಲಿಲ್ಲ.

"ಮಾವ, ತಲೆಗಿಷ್ಟು ಅಂತ ಹವಾಲ್ದಾರನಿಗೆ ದುಡ್ಡು ಸಿಕ್ಕಿರುತ್ತೆ. ಥೇಟ್ ಈ ಸೇಲ್ಸ್‌ಮನ್ ಥರಾನೇ."

"ಗೊತ್ತು. ಆದ್ರೂ ಹಸಿದಿದ್ದೋನು ನಾನು ತಾನೆ?"

ಋಣಕ್ಕೆ ವಾದ ಮದ್ದಲ್ಲ, ತೀರಿಸುವುದೇ ಮದ್ದು, ಇದನ್ನೂ ನೆನಪಿಟ್ಟುಕೊಳ್ಳಿ. ಮನೆಗೆ ಬಂದವನೇ ಸೇಲ್ಸ್‌ಮನ್ನಿಗೆ ಕೊಡಲು ಕೋಡುಬಳೆ ಮಾಡೆಂದು ಹೆಂಡತಿಗೆ ಹೇಳಿದೆ.

"ಕಾರಿನವನಿಗಾ? ತಲೆ ನೆಟ್ಟಗಿದೆಯೇನ್ರೀ?"

"ಅವನಿಗಲ್ಲ, ನಿಮ್ಮಪ್ಪನಿಗೆ" ಎಂದೆ. ಕರಿದುಕೊಟ್ಟಳು.

ಮರುದಿನ ಮಾವ ಡಬ್ಬಿ ತೆರೆದು ಸೇಲ್ಸ್‌ಮನ್ ಮುಂದೆ ಹಿಡಿದರು. ಪಾಪ, ಖಾರಕ್ಕೆ ಅವನ ಕಣ್ಣಲ್ಲಿ ನೀರು. ಆದರೂ ಮತ್ತೊಂದಕ್ಕೆ ಕೈಹಾಕಿದ. ಅದನ್ನೂ ಅವನು ನುಂಗಿದ್ದನ್ನು ನೋಡಿಯೇ ಮಾವ ನನ್ನ ಕಡೆ ತಿರುಗಿದರು. "ಸರಿಹೋಯ್ತು. ಈಗ ನಿಮ್ಮ ಚೌಕಾಸಿ ಶುರು ಮಾಡಿ."

ಬೆಲೆ ಇಳಿಯಲಿಲ್ಲ. ನಾನು ಎದ್ದೆ, ಅಷ್ಟರಲ್ಲಿ ಮಾವ ಮಫ್ಲರ್ ಸುತ್ತಿಕೊಂಡು ಬಾಗಿಲು ದಾಟಿಯಾಗಿತ್ತು. ಸೇಲ್ಸ್‌ಮನ್ ಕೋಟೂ ಇಲ್ಲದೆ ಹಿಮದಲ್ಲಿ ಓಡಿಬಂದು ನಾನು ಹೇಳಿದ ಬೆಲೆಗೇ ಒಪ್ಪಿದ.

ಕೊಂಡ ಕಾರಿನಲ್ಲೇ ಮನೆಗೆ ಹೊರಟೆವು. ಮಾವ ಮಫ್ಲರ್ ಬಿಚ್ಚುತ್ತಾ ಕೇಳಿದರು: "ಅವತ್ತು ನಾನು ಹಿಂಗೆ ಎದ್ದು ಹೊರಟಿದ್ರೆ, ಹವಾಲ್ದಾರನೂ ಹಿಂದೆ ಬರ್ತಿದ್ನಾ?"

"ನಿಮ್ಮೂರ ತನಕ ಬರ್ತಿದ್ದ ಮಾವ. ಜನ ಬೇಕಾಗಿದ್ದಿದ್ದು ಅವರಿಗೆ."

"ಹಂಗಾದ್ರೆ ಲಾರಿ ಓಡ್ಸೋ ಕೆಲಸನಾದ್ರೂ ಕೇಳಬೇಕಿತ್ತು ಕಣ್ರೀ. ಯುದ್ಧ ಮುಗಿಯೋ ತನಕ ನನ್ನ ಕೈಲಿ ಹೇಸರಗತ್ತೆ ಮೈ ತೊಳೆಸಿದ್ರು!"