ಫೋರ್ತ್ ಸೀಟಿನ ಕನ್ನಡ

ನಮ್ಮ ಗುಂಪಿನಲ್ಲಿ ಯಾರಿಗೂ ಹೆಸರಿಲ್ಲ. ಮನೆಗೆ ಹೋಗಲು ಯಾವ ಸ್ಟೇಷನ್ನಿನಲ್ಲಿ ಇಳಿಯುತ್ತೇವೋ ಅದೇ ನಮ್ಮ ಹೆಸರು. ನಾನು ಮುಲುಂಡ್. ಗುಂಪನ್ನು ಶುರುಮಾಡಿ ನೋಡಿಕೊಳ್ಳುತ್ತಿರುವವರು ಪಾರ್ಲೆ. ಮೂಲತಃ ಮೈಸೂರಿನವರು, ಏರ್‌ಪೋರ್ಟಿನ ಸರಕು ವಿಭಾಗದಲ್ಲಿ ಪಾಳಿಯ ಕೆಲಸ. ಎಲ್ಲರಿಗಿಂತ ಹೆಚ್ಚು ಹರಟುವವನು ದಿವಾ. ಉಡುಪಿ ಕಡೆಯವರ ಮಗ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಹೋಟೆಲೊಂದರ ಕೌಂಟರಿನಲ್ಲಿ ಕೂರುತ್ತಾನೆ. ಇನ್ನೂ ಹದಿನೈದಿಪ್ಪತ್ತು ಸ್ಟೇಷನ್‌ಗಳಿವೆ, ಆದರೆ ಅವು ಹೆಚ್ಚು ಮಾತಾಡುವುದಿಲ್ಲ. ಡಿಪ್ರೆಶನ್ ಇರುವ ಮುಂಬೈ ಕನ್ನಡಿಗರು ಫೋನಿನಲ್ಲೇ ಸೇರುವ ಗುಂಪು ಇದು. ಒಬ್ಬರ ಮುಖ ಒಬ್ಬರು ನೋಡಿಲ್ಲ.

ನಾನು ಸೇರಿದ್ದು ಕಳೆದ ವರ್ಷದ ಮಳೆಗಾಲದಲ್ಲಿ, ತಲೆ ಬಾಚಿಕೊಳ್ಳುವುದೂ ದೊಡ್ಡ ಕೆಲಸ ಅನ್ನಿಸತೊಡಗಿದ್ದಾಗ. ಡಾಕ್ಟರು ಮಾತ್ರೆ ಕೊಟ್ಟು, ದಿನಾ ನಿದ್ದೆ, ಊಟ, ಮನಸ್ಸು ಮೂರನ್ನೂ ಬರೆದಿಡು ಎಂದರು. ಬರೆದಿಡು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹಾಲಿನ ಪ್ಯಾಕೆಟ್ ಸೋರಿದ ದಿನಗಳಿಗೂ ಗುರುತು ಹಾಕಿಡುವವಳು ನಾನು. "ಇವಳು ಬೇಜಾರಾದ್ರೂ ಗೆರೆ ಎಳ್ಕೊಂಡು, ಕಾಲಂ ಹಾಕ್ಕೊಂಡು ಬೇಜಾರಾಗ್ತಾಳೆ" ಎಂದು ಅಮ್ಮ ಪಕ್ಕದ ಫ್ಲ್ಯಾಟಿನವರಿಗೆ ಹೇಳುತ್ತಿದ್ದಳು. ಆ ಕಾಲಂಗಳ ಪಕ್ಕದಲ್ಲೇ ಗುಂಪಿನ ಪದಗಳನ್ನೂ ಬರೆಯತೊಡಗಿದೆ, ಯಾವ ವಾರ ಯಾವ ಪದ ಎಷ್ಟು ಸಲ ಬಂತು ಎಂಬ ಲೆಕ್ಕದ ಸಮೇತ.

ಪದಗಳೆಲ್ಲ ಲೋಕಲ್ ಟ್ರೇನಿನಿಂದ ಇಳಿದು ಬಂದವು. ಸಂಜೆಯ ಊಟ ಮುಗಿಯುವ ಹೊತ್ತಿಗೆ ಹಾಜರಿ ಇರುತ್ತದೆ, ಪ್ರತಿಯೊಬ್ಬರೂ ಆ ದಿನಕ್ಕೊಂದು ಪದ ಹಾಕಬೇಕು. ಚೆನ್ನಾಗಿದ್ದರೆ 'ವಿಂಡೋ', ಎಂದರೆ ಕಿಟಕಿಯ ಸೀಟು ಸಿಕ್ಕಿತು, ಗಾಳಿ ಬಂತು. ಕೆಲಸಗಳೆಲ್ಲ ಆದವು, ಆದರೆ ತೆವಳುತ್ತ ಆದವು ಅಂದರೆ 'ಸ್ಲೋ'. ಹಾಸಿಗೆಯಿಂದ ಏಳಲೇ ಆಗಲಿಲ್ಲ ಅಂದರೆ 'ಮೆಗಾಬ್ಲಾಕ್'. ಈ ಪದ ನನಗೆ ಬಹಳ ಇಷ್ಟ. ಭಾನುವಾರ ಮೆಗಾಬ್ಲಾಕ್ ಎಂದು ಓಡಾಟ ನಿಂತರೆ ಟ್ರೇನು ಸೋಮಾರಿ ಎಂದು ಯಾರೂ ಬೈಯುವುದಿಲ್ಲ, ಹಳಿ ರಿಪೇರಿ ನಡೀತಿದೆ ಅನ್ನುತ್ತಾರೆ. ಮಾತ್ರೆಗೆ 'ಪಾಸ್', ಡಾಕ್ಟರಿಗೆ ಟಿಕೆಟ್ ನೋಡುವ 'ಟೀಸಿ'. ಪಾಸ್ ಇಲ್ಲದೆ ಹತ್ತಬಾರದು, ಟೀಸಿಯನ್ನು ಕಂಡು ಓಡಬಾರದು. ಇದು ಪಾರ್ಲೆಯವರ ಕಟ್ಟಪ್ಪಣೆ. ಯಾರಾದರೂ "ಧೈರ್ಯವಾಗಿರಿ, ಬೆಳಿಗ್ಗೆ ಬೇಗ ಎದ್ದು ವಾಕಿಂಗ್ ಮಾಡಿ, ಪಾಸಿಟಿವ್ ಆಗಿ ಯೋಚಿಸಿ" ಎಂದು ಶುರುಮಾಡಿದರೆ ಅದು 'ಅನೌನ್ಸ್‌ಮೆಂಟ್'. ಆಗ ದಿವಾ, ಪ್ರಯಾಣಿಕರು ಗಮನಿಸಿ ಎನ್ನುವ ಸ್ಟೇಷನ್ ಮೈಕಿನ ಧಾಟಿಯಲ್ಲೇ ಬರೆಯುತ್ತಾನೆ: "ಯಾತ್ರಿಗಣ್ ಕೃಪಯಾ ಧ್ಯಾನ್ ದೇಂ." ಹೇಳುತ್ತಿದ್ದವರು ನಕ್ಕು ನಿಲ್ಲಿಸುತ್ತಾರೆ. ಗುಂಪು ಬೇಡವಾಗುವಷ್ಟು ಗುಣವಾದವರು ಹೋಗುವಾಗ 'ಇಳೀತೀನಿ' ಅನ್ನುತ್ತಾರೆ, ಅವರ ಸ್ಟೇಷನ್ ಬಂತು. ಆ ದಿನ ಎಲ್ಲರಿಗೂ ಹಬ್ಬ.

ಕೊನೆಯದು 'ಫೋರ್ತ್ ಸೀಟ್'. ಲೋಕಲ್ಲಿನ ಬೆಂಚು ಮೂವರಿಗೆಂದು ಮಾಡಿದ್ದು, ಆದರೆ ನಾಲ್ಕನೆಯವರು ಬಂದು ಕೇಳಿದರೆ ಮೂವರೂ ಒಂದಿಷ್ಟು ಸರಿಯಬೇಕು. ನಾಲ್ಕನೆಯವರಿಗೆ ಸಿಕ್ಕುವುದು ಅರ್ಧ ಸೀಟು, ಆದರೂ ನಿಂತಿರುವುದಕ್ಕಿಂತ ಮೇಲು. ನಮ್ಮಲ್ಲಿ ಯಾರಾದರೂ ಫೋರ್ತ್ ಸೀಟ್ ಕೇಳಿದರೆ, ಬಿಡುವಿದ್ದವರು ಅವರಿಗೆ ಫೋನ್ ಹಚ್ಚಿ ಹಾಗೇ ತೆರೆದಿಡುತ್ತಾರೆ. ಮಾತಾಡಲೇಬೇಕೆಂದಿಲ್ಲ. ನೀವು ಪಾತ್ರೆ ತೊಳೆಯಿರಿ, ಅವರು ಬಟ್ಟೆ ಮಡಚಲಿ. ಆ ಕಡೆ ಒಬ್ಬರಿದ್ದಾರೆ ಎಂಬ ಸದ್ದು ಕೇಳಿಸುತ್ತಿದ್ದರೆ ಸಾಕು.

ಇಷ್ಟೆಲ್ಲ ಪದಗಳನ್ನು ಜೋಡಿಸಿಟ್ಟುಕೊಂಡ ನಾವು, ಕನ್ನಡದ್ದೇ ಒಂದು ಸಣ್ಣ ಪದ ಓದಲು ಬಾರದೆ ಒಬ್ಬರನ್ನು ಕಳೆದುಕೊಳ್ಳುವುದರಲ್ಲಿದ್ದೆವು.

ಅವರು ಬೈಕುಲ್ಲಾ. ವಿಜಯಪುರದ ಕಡೆಯವರು, ವಯಸ್ಸಿನಲ್ಲಿ ನನ್ನ ಅಮ್ಮನಷ್ಟು. ಗಂಡನದು ಸ್ಕೂಲ್ ಬ್ಯಾಗ್ ಹೊಲಿಯುವ ಸಣ್ಣ ಕಾರ್ಖಾನೆ. ಜಿಪ್ಪು ಕೂಡಿಸುವುದು ಇವರ ಕೆಲಸ. ಸೇರಿದ ದಿನ ಪಾರ್ಲೆ ಎಲ್ಲ ಪದಗಳನ್ನೂ ಅವರಿಗೆ ವಿವರಿಸಿದರು. ಫೋರ್ತ್ ಸೀಟಿನ ವಿಷಯ ಬಂದಾಗ, "ಏನೂ ಸಂಕೋಚ ಬೇಡಮ್ಮ, ಟ್ರೇನಲ್ಲಿ ಹೇಗೆ ಕೇಳ್ತೀರೋ ಹಾಗೆ ಕೇಳಿಬಿಡಿ" ಎಂದರು. ಅವರು ಹಾಗೇ ಮಾಡಿದರು. ತೊಂದರೆಯಾದದ್ದೇ ಅದರಿಂದ.

ಗುಂಪಿನಲ್ಲಿ ಉತ್ತರ ಕರ್ನಾಟಕದವರೆಂದರೆ ಆಗ ಅವರೊಬ್ಬರೇ. ನಮ್ಮೆಲ್ಲರಂತೆ ಅವರೂ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕುಟ್ಟುತ್ತಿದ್ದರು. ಮೊದಲ ಸಂಜೆಯ ಹಾಜರಿಯಲ್ಲಿ ಅವರು ಬರೆದದ್ದನ್ನು ನಾನು ಓದಿಕೊಂಡದ್ದು "ಸ್ವಲ್ಪ ಸರಿ ರೀ" ಎಂದು. ಅವರ ಕಡೆ ಮಾತುಮಾತಿಗೂ 'ರೀ' ಹಚ್ಚುತ್ತಾರೆ ಎಂಬಷ್ಟು ನನಗೆ ಗೊತ್ತಿತ್ತು. ಸ್ವಲ್ಪ ಸರಿ, ಎಂದರೆ ಸ್ವಲ್ಪ ಪರವಾಗಿಲ್ಲ. ಬಂದ ದಿನವೇ ಸ್ವಲ್ಪ ಸರಿಹೋದವರನ್ನು ನಾವು ಕಂಡಿರಲಿಲ್ಲ. ಪಾರ್ಲೆ ಹೆಬ್ಬೆರಳು ಎತ್ತಿದರು, ನಾನು ಚಪ್ಪಾಳೆಯ ಚಿತ್ರ ಹಾಕಿದೆ. ದಿವಾನಿಗೆ ಎಸ್, ಎ, ಆರ್, ಐ ಎಂದರೆ ಬಟ್ಟೆಯಂಗಡಿಯ ಬೋರ್ಡಿನಲ್ಲಿರುವ ಸೀರೆ ಮಾತ್ರ. ಅವನು ಒಂದು ಕೆಂಪು ಸೀರೆಯ ಚಿತ್ರ ಕಳಿಸಿ "ಸೂಪರ್ ಆಂಟಿ" ಎಂದ.

ಮರುದಿನವೂ ಅದೇ ಪದ. ಅದರ ಮರುದಿನವೂ. ನನ್ನ ಕಾಲಂನಲ್ಲಿ ಸ್ಲೋ ಮತ್ತು ವಿಂಡೋಗಳ ನಡುವೆ ಅವರಿಗಾಗಿಯೇ ಒಂದು ಮನೆ ಹೊಸದಾಗಿ ಎಳೆದು ಟಿಕ್ ಹಾಕುತ್ತ ಹೋದೆ. ಇಷ್ಟು ಏರಿಳಿತವಿಲ್ಲದ ಸಾಲು ಬೇರೆ ಯಾರದೂ ಇರಲಿಲ್ಲ. "ನೋಡಿ ಕಲೀರಿ ಮುಲುಂಡಮ್ಮ, ನಿಮ್ದು ಒಂದಿನ ವಿಂಡೋ, ಎರಡು ದಿನ ಬ್ಲಾಕು" ಎಂದು ಪಾರ್ಲೆ ನನ್ನನ್ನು ಕಾಡಿದರು.

ಎರಡನೆಯ ವಾರದ ಬುಧವಾರ ಪದ ಬದಲಾಯಿತು. "ನಾಳಿ ಇಳೀತೀನ್ರಿ" ಎಂದು ಬರೆದಿದ್ದರು.

ದಿವಾ ಲಾಡುಗಳ ಸಾಲನ್ನೇ ಸುರಿದ. ಇಷ್ಟು ಬೇಗ ಸ್ಟೇಷನ್ ಬಂದವರು ಇವರೇ ಮೊದಲು ಎಂದು ಪಾರ್ಲೆ ಬರೆದರು. ನಾನೂ ಅಭಿನಂದನೆ ಹೇಳಿದೆ.

ಗುರುವಾರ ಸಂಜೆ ಆಫೀಸು ಬಿಟ್ಟು ಸಿಎಸ್‌ಟಿಯಿಂದ ಸ್ಲೋ ಟ್ರೇನು ಹಿಡಿದೆ. ಲೇಡೀಸ್ ಡಬ್ಬಿಯಲ್ಲಿ ಕಿಟಕಿಯ ಪಕ್ಕದ ಸೀಟೇ ಸಿಕ್ಕಿತು. ಬೈಕುಲ್ಲಾದಲ್ಲಿ ಮಾರ್ಕೆಟ್ಟಿನ ಚೀಲ ಹೊತ್ತ ಇಬ್ಬರು ಹೆಂಗಸರು ಹತ್ತಿದರು. ಮುಂದೆ ಬಂದವಳು ಎದುರಿನ ಬೆಂಚಿನಲ್ಲಿ ಖಾಲಿಯಿದ್ದ ಮೂರನೆಯ ಜಾಗ ಹಿಡಿದು ಕೂತಳು. ಹಿಂದಿನಿಂದ ಬಂದವಳು ಅವಳ ಮೊಣಕಾಲಿಗೆ ಚೀಲ ತಾಗಿಸಿ ನಿಂತಳು.

"ಅಕ್ಕಾರ, ಸ್ವಲ್ಪ ಸರೀರಿ."

"ಎಲ್ಲಿಗಿ ಸರೀಲವ್ವಾ? ಕಿಡಕ್ಯಾಗಿಂದ ಹೊರಗ ಹೋಗ್ಲೇನು?"

"ಹೋಗ್ರಿ, ಚೀಲ ನಾ ಹಿಡಕೋತೀನಿ."

ಕೂತವಳು ನಕ್ಕು ಸರಿದಳು, ಅವಳ ಪಕ್ಕದವರೂ ಸರಿದರು, ನಿಂತವಳು ಅರ್ಧ ಸೀಟಿನಲ್ಲಿ ಕೂತಳು. ನನಗೆ ಮಾತ್ರ ನಗು ಬರಲಿಲ್ಲ. ನಮ್ಮ ಮನೆಯಲ್ಲಿ 'ಜರುಗಿ' ಅನ್ನುತ್ತೇವೆ. ಅಪ್ಪ, ಅಮ್ಮ ಇಬ್ಬರೂ ತುಮಕೂರಿನವರು. 'ಸರೀರಿ' ಎಂದು ಯಾರಾದರೂ ನನ್ನ ಕಿವಿಗೆ ಬೀಳುವಂತೆ ಹೇಳಿದ್ದು ಅದೇ ಮೊದಲು. ಇಂಗ್ಲಿಷ್ ಅಕ್ಷರಗಳಲ್ಲಿ ಅದನ್ನು ಕುಟ್ಟಿದರೆ 'ಸರಿ ರೀ' ಎಂದೇ ಓದಬೇಕು.

ದಿನವೂ ಅವರು ಹೇಗಿದ್ದೇನೆಂದು ಹೇಳುತ್ತಿರಲಿಲ್ಲ. ಜಾಗ ಕೇಳುತ್ತಿದ್ದರು. ಟ್ರೇನಿನಲ್ಲಿ ಕೇಳುವ ಹಾಗೇ ಕೇಳುತ್ತಿದ್ದರು. ನಾವು ಮೂವರೂ ಕಾಲು ಚಾಚಿ ಕೂತು, ನಿಂತಿದ್ದವರಿಗೆ ಚಪ್ಪಾಳೆ ತಟ್ಟುತ್ತಿದ್ದೆವು. ಈಗ 'ಇಳೀತೀನಿ' ಎಂದರೆ ಸ್ಟೇಷನ್ ಬಂತು ಎಂದಲ್ಲ. ಈ ಡಬ್ಬಿಯಲ್ಲಿ ಯಾರೂ ಸರಿಯುವುದಿಲ್ಲ, ಇನ್ನು ನಿಂತು ಸುಖವಿಲ್ಲ ಎಂದು. ಅವರು ಹೇಳಿದ್ದ ನಾಳೆ ಇವತ್ತೇ.

ಫೋನ್ ತೆಗೆದು, ಗೊಂದಲವೇ ಬೇಡವೆಂದು ಕನ್ನಡ ಅಕ್ಷರಗಳಲ್ಲಿ ಬರೆದೆ: "ಅಕ್ಕಾರೆ, ನೀವು ಇಷ್ಟು ದಿನ ಸರೀರಿ ಅಂತ ಜಾಗ ಕೇಳ್ತಾ ಇದ್ರಾ? ನಮಗೆ ಅರ್ಥ ಆಗ್ಲಿಲ್ಲ. ಸ್ವಲ್ಪ ಪರವಾಗಿಲ್ಲ ಅಂತಿದೀರಿ ಅಂದ್ಕೊಂಡ್ವಿ. ಇವತ್ತು ಇಳೀಬೇಡಿ."

ಪರೇಲ್ ಹೋಯಿತು. ದಾದರ್‌ನಲ್ಲಿ ಡಬ್ಬಿ ತುಂಬಿತು. ಪಾರ್ಲೆ ತಲೆ ಚಚ್ಚಿಕೊಳ್ಳುವ ಚಿತ್ರ ಹಾಕಿ, ಕನ್ನಡ ಓದಲು ಬಾರದ ದಿವಾನಿಗೆಂದು ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಮತ್ತೆ ಬರೆದರು. ದಿವಾ ತನ್ನ ಹಿಂದಿ ಬೆರೆತ ಕನ್ನಡದಲ್ಲಿ ಬರೆದ: "ಅಕ್ಕಾ, ಮತ್ತೆ ನಾನು ಸಾಡಿ ಯಾಕೆ ಭೇಜಿದೆ?" ಅದಕ್ಕೆ ಪಾರ್ಲೆ, "ಅದನ್ನೇ ನಾವೂ ಕೇಳ್ತಿದೀವಪ್ಪ" ಎಂದರು. ಮಾಟುಂಗ, ಸಾಯನ್, ಕುರ್ಲಾ. ಬೈಕುಲ್ಲಾದಿಂದ ಏನೂ ಇಲ್ಲ. ಎದುರಿನ ಹೆಂಗಸರು ಮೆಂತ್ಯದ ಕಟ್ಟು ಬಿಚ್ಚಿ ಸೋಸಲು ಕೂತಿದ್ದರು.

ಘಾಟ್ಕೋಪರ್‌ನಲ್ಲಿ ಫೋನ್ ನಡುಗಿತು. ಅವರೂ ಕನ್ನಡ ಅಕ್ಷರಗಳಿಗೆ ಬಂದಿದ್ದರು.

"ಮತ್ತೇನ್ ನಾ ಸೀರಿ ಕೇಳಿದ್ನೇನು?"

ಅದರ ಹಿಂದೆಯೇ ಇನ್ನೊಂದು: "ದಿನಾ ಕೇಳಾಕತ್ತೀನಿ, ದಿನಾ ಚಪ್ಪಾಳಿ ಹೊಡೀತೀರಿ. ನಿಂತವರಿಗೆ ಚಪ್ಪಾಳಿ ಯಾಕ ಬೇಕ್ರಿ, ಜಾಗಾ ಕೊಡ್ರಿ."

ನಾನು ಬರೆದೆ: "ಸರಿದೆ ಅಕ್ಕಾರೆ. ಮನೆ ಮುಟ್ಟಿದ ಕೂಡಲೇ ಫೋನ್ ಮಾಡ್ತೀನಿ."

"ಮೊದಲ ಊಟಾ ಮಾಡವಾ."

ಊಟ ಮಾಡಲಿಲ್ಲ. ಕುಕ್ಕರ್ ಇಟ್ಟು, ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ, ಬಟಾಣಿ ಸುಲಿಯಲು ಕೂತು ಫೋನ್ ಮಾಡಿದೆ. ಅವರ ದನಿ ನಾನು ಅಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿತ್ತು. ಕಾರ್ಖಾನೆ ಮುಚ್ಚಿ ಗಂಡ ಮಾಲು ಮುಟ್ಟಿಸಲು ಹೋದ ಮೇಲೆ, ಅವರು ತಿರುಗಿ ಬರುವ ತನಕದ ಹೊತ್ತೇ ತನಗೆ ಕಷ್ಟ ಎಂದರು. "ಹೊಲಿಯೂ ಮಷಿನ್ ನಿಂತ ಕೂಡ್ಲೆ ತಲ್ಯಾಗಿನ ಮಷಿನ್ ಚಾಲೂ ಆಗ್ತದವಾ. ಅದಕ್ಕ ಬಟನ್ ಎಲ್ಲೈತೋ ಗೊತ್ತಿಲ್ಲ." ಟೀಸಿ ಕಂಡಿದ್ದೀರಾ ಎಂದೆ. ಕಂಡಿದ್ದೇನೆ, ಪಾಸ್ ತಪ್ಪಿಸಿಲ್ಲ ಎಂದರು. ಆಮೇಲೆ ಇಬ್ಬರೂ ನಮ್ಮ ನಮ್ಮ ಕೆಲಸಕ್ಕೆ ಕೈ ಹಾಕಿದೆವು. ಆ ಕಡೆಯಿಂದ ಕತ್ತರಿಯ ಸದ್ದು, ಯಾರದೋ ಮನೆಯ ಟಿವಿ. ಈ ಕಡೆಯಿಂದ ನಮ್ಮ ಕುಕ್ಕರ್.

"ನಿಮ್ಮ ಕುಕ್ಕರ್ ಎಷ್ಟ್ ಸೀಟಿ ಹೊಡೀತದವಾ? ಕಲ್ಲು ಬೇಯಿಸಾಕತ್ತೀಯೇನು?"

"ಬೇಳೆ ಅಕ್ಕಾರೆ. ಎಷ್ಟು ಹೊಡೀಬೇಕು?"

"ಎಣಿಸೂ ಹುಚ್ಚಿ ನೀ ಅಂತ ಪಾರ್ಲೆಯವರು ಅಂದ್ರು. ನೀನ ಎಣಸು."

ಬಟಾಣಿ ಮುಗಿಯಿತು. ಎದ್ದು ಒಲೆ ಆರಿಸಿದೆ.

"ಇದ್ದೀಯೇನು?"

"ಇದ್ದೀನಿ ಅಕ್ಕಾರೆ."

"ಹೂಂ. ಸುಮ್ನ ಕೇಳ್ದೆ."

ಅವರ ಗಂಡ ಬಾಗಿಲು ಬಡಿದ ಸದ್ದಾದ ಮೇಲೆ ಇಟ್ಟೆವು. ಆ ದಿನ ಅವರು ಇಳಿಯಲಿಲ್ಲ. ಮರುದಿನದಿಂದ ಆ ಹೊತ್ತನ್ನು ನಾವು ಹಂಚಿಕೊಂಡೆವು. ಪಾರ್ಲೆಯವರಿಗೆ ಬೆಳಗಿನ ಪಾಳಿ ಇದ್ದ ದಿನಗಳು ಅವರದು, ವಾರದ ರಜೆಯ ದಿನ ದಿವಾನದು, ಉಳಿದವು ನನ್ನವು. ದಿವಾ ಹಿಂದಿಯಲ್ಲಿ ಮಾತಾಡುತ್ತಾನೆ, ಅವರು ವಿಜಯಪುರದ ಕನ್ನಡದಲ್ಲಿ ಬೈಯುತ್ತಾರೆ. ಇಬ್ಬರಿಗೂ ಪೂರ್ತಿ ಅರ್ಥವಾಗುವುದಿಲ್ಲ, ಹಾಗಾಗಿಯೇ ಚೆನ್ನಾಗಿ ನಡೆಯುತ್ತದೆ ಎಂದು ಪಾರ್ಲೆ ಹೇಳುತ್ತಾರೆ.

ಪಾರ್ಲೆ ಒಂದು ಹೊಸ ನಿಯಮವನ್ನೂ ಹಾಕಿದರು. ಇನ್ನು ಮೇಲೆ ಆ ಪದವನ್ನು ಕನ್ನಡ ಅಕ್ಷರಗಳಲ್ಲೇ ಬರೆಯಬೇಕು. ದಿವಾನಿಗೆ ಕನ್ನಡ ಅಕ್ಷರ ಬಾರದು. ಆ ಒಂದು ಪದಕ್ಕೆ ಬೇಕಾದಷ್ಟನ್ನು ನಾನು ಕಲಿಸಿದೆ. ಅವನು ಹೆಮ್ಮೆಯಿಂದ ಬರೆದ ಮೊದಲ ಕನ್ನಡ ಸಂದೇಶ: "ಸ್ವಲ್ಪ ಸೀರೆ."

"ನನ್ನ ಮಗನ, ಒಂದ್ ಸೀರಿ ಕಳಿಸೇ ಬಿಡು ಇನ್ನ" ಎಂದು ಬೈಕುಲ್ಲಾ ಉತ್ತರಿಸಿದರು.

ನಾನು ಅವರ ಸಾಲಿನ ಹಳೆಯ ಟಿಕ್‌ಗಳನ್ನೆಲ್ಲ ಹೊಡೆದುಹಾಕಿ, ಹೊಸದಾಗಿ ಎಳೆದಿದ್ದ ಆ ಮನೆಯನ್ನೂ ತೆಗೆದೆ. ಆಮೇಲಿನ ದಿನಗಳಲ್ಲಿ ಅವರದು ಎಲ್ಲರಂತೆ ಸ್ಲೋ, ಬ್ಲಾಕ್, ಸ್ಲೋ, ಅಪರೂಪಕ್ಕೊಂದು ವಿಂಡೋ. ನೋಡಲು ಅಂದವಿಲ್ಲದ, ನಂಬಬಹುದಾದ ಸಾಲು.

ದೀಪಾವಳಿಯ ಹಿಂದಿನ ವಾರ, ಸ್ಕೂಲ್ ಬ್ಯಾಗಿನ ಕೆಲಸ ಕಡಿಮೆಯಾಗಿದ್ದ ಒಂದು ಸಂಜೆ, ಹಾಜರಿಯಲ್ಲಿ ಅವರ ಪದ ಬಂತು. ಕನ್ನಡ ಅಕ್ಷರಗಳೇ, ನಡುವೆ ಸರಿಯಾಗಿ ಜಾಗವನ್ನೂ ಬಿಟ್ಟಿದ್ದರು: "ಸ್ವಲ್ಪ ಸರಿ ರೀ."

ಯಾರೂ ಚಪ್ಪಾಳೆ ಹಾಕಲಿಲ್ಲ. ಹೆಬ್ಬೆರಳೂ ಇಲ್ಲ. ದಿವಾ ಸಹ ಕಾದ. ಕೊನೆಗೆ ಪಾರ್ಲೆಯವರು ಕೇಳಿದರು: "ಅಮ್ಮಾ, ಇದು ಯಾವ ಸರಿ? ಪರವಾಗಿಲ್ಲ ಅನ್ನೋದಾ, ಜಾಗ ಕೊಡಿ ಅನ್ನೋದಾ?"

ಅವರು ಟೈಪ್ ಮಾಡುತ್ತಿರುವುದು ಕಾಣಿಸುತ್ತಿತ್ತು. ನಾನು ಪೆನ್ನು ಹಿಡಿದು ಕಾಯುತ್ತಿದ್ದೆ.

"ಎರಡೂ" ಎಂದು ಬಂತು.