ಬಾಟಲಿಗೆ ಹೊಲಿದ ಅಂಗಿ

ಗಾಜಿನ ಬಾಟಲಿ ಕುದಿಯುವ ನೀರಿನಲ್ಲಿ ಕುಣಿದು ಪಾತ್ರೆಗೆ ತಾಗಿ ಟಕಟಕ ಅನ್ನುತ್ತಿತ್ತು. ಇದು ಖಚಿತ. ಆ ಅಡುಗೆಮನೆಯ ಗೋಡೆ ಹಸಿರಾಗಿತ್ತೋ ನೀಲಿಯಾಗಿತ್ತೋ ಎಂದು ಕೇಳಿದರೆ ಎರಡನ್ನೂ ಒಂದೇ ವಿಶ್ವಾಸದಿಂದ ವರ್ಣಿಸಬಲ್ಲೆ. ಹಾಗಾಗಿ ಗೋಡೆಯನ್ನು ಬಿಟ್ಟು ಬಾಟಲಿಯನ್ನೇ ಹಿಡಿದುಕೊಳ್ಳುತ್ತೇನೆ.

ಎಪ್ಪತ್ತರ ದಶಕದ ಕೊನೆ. ನಾನು ಜಗಳೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಊರಿನವರ ಮಾತನ್ನೆಲ್ಲ ದಾವಣಗೆರೆಗೋ ಚಿತ್ರದುರ್ಗಕ್ಕೋ ಜೋಡಿಸಿಕೊಡುವ ಕೆಲಸ. ನನ್ನ ಬಾಡಿಗೆ ಮನೆಗೆ ಮಾತ್ರ ಫೋನಿರಲಿಲ್ಲ. ಗಂಡನಿಗೆ ಹೊನ್ನಾಳಿಯಲ್ಲಿ ನೌಕರಿ, ಭಾನುವಾರಕ್ಕೊಮ್ಮೆ ಬರುತ್ತಿದ್ದರು. ಮಗುವನ್ನು ನೋಡಿಕೊಳ್ಳಲು ಚನ್ನಗಿರಿ ಕಡೆಯ ನಲ್ಲೂರಿನಿಂದ ಅತ್ತೆ ಬಂದಿದ್ದರು. ಹೆರಿಗೆ ರಜೆ ಮುಗಿಯುತ್ತಿತ್ತು. ಬೆಳಿಗ್ಗೆ ಬೋರ್ಡಿನ ಮುಂದೆ ಕೂತರೆ ಮಧ್ಯಾಹ್ನದವರೆಗೆ ಏಳುವಂತಿಲ್ಲ. ಅಷ್ಟು ಹೊತ್ತು ಮಗು ಬಾಟಲಿ ಹಾಲು ಕುಡಿಯಬೇಕು. ಅದೋ, ಬಾಟಲಿ ಕಂಡರೆ ಮುಖ ತಿರುಗಿಸುತ್ತಿತ್ತು.

“ಒಂದು ವಾರ ಕೆಲಸಕ್ಕೆ ಹೋಗಿ ನೋಡು,” ಎಂದರು ಗಂಡ. “ಮಗು ಬಾಟಲಿಗೆ ಹೊಂದಲಿಲ್ಲ ಅಂದ್ರೆ ರಾಜೀನಾಮೆ ಕೊಟ್ಟು ಹೊನ್ನಾಳಿಗೆ ಬಂದ್ಬಿಡು. ಅದ್ರಾಗೇನೈತೆ?”

ಕಿವಿಗೆ ಹೆಡ್‌ಫೋನ್ ಏರಿಸಿ ‘ನಂಬರ್ ಪ್ಲೀಸ್’ ಎನ್ನುವಷ್ಟು ಹೊತ್ತು ನಾನು ಯಾರ ಹೆಂಡತಿಯೂ ಸೊಸೆಯೂ ಆಗಿರಲಿಲ್ಲ. ಇದನ್ನು ಗಂಡನಿಗೆ ಯಾವ ಮಾತಿನಲ್ಲಿ ಹೇಳುವುದು?

ದವಾಖಾನೆಯ ನರ್ಸಮ್ಮ ನಿಯಮಗಳನ್ನು ಹೇಳಿಕೊಟ್ಟಿದ್ದರು. ಬ್ರಷ್ ಹಾಕಿ ಉಜ್ಜಬೇಕು, ಬಾಟಲಿ ಪೂರ್ತಿ ಮುಳುಗಬೇಕು, ನೀರು ಮರಳಿ ಕುದಿಯಬೇಕು, ತೆಗೆದ ಮೇಲೆ ಒಳಗೆ ಬೆರಳು ತಾಗಬಾರದು. ಹೆದರಿದವಳ ಕೈಗೆ ನಿಯಮ ಸಿಕ್ಕರೆ ಏನಾಗುತ್ತದೋ ಅದೇ ಆಯಿತು. ಬಾಟಲಿ ಕುದಿಸಿದೆ, ನಿಪ್ಪಲ್ ಕುದಿಸಿದೆ, ಅವನ್ನು ಎತ್ತುವ ಇಕ್ಕಳ ಕುದಿಸಿದೆ, ಇಕ್ಕಳ ಇಡುವ ತಟ್ಟೆಯನ್ನೂ ಕುದಿಸಿದೆ. ಜಗಳೂರಿನ ನೀರು ಗಡುಸು. ಕುದಿಸಿದಷ್ಟೂ ಗಾಜಿನ ಮೇಲೆ ಬಿಳಿ ಪೊರೆ ಕಟ್ಟಿ, ಬಾಟಲಿ ಸುಣ್ಣ ಬಳಿದಂತೆ ಕಾಣುತ್ತಿತ್ತು.

“ಕುದಿಸಿದಷ್ಟೂ ಹೊಲಸಾಗಾಕೆ ಹತ್ತೈತಲ್ಲವ್ವ,” ಎಂದರು ಅತ್ತೆ.

“ಅದು ಹೊಲಸಲ್ಲ ಅತ್ತೆ, ನೀರಿನ ಉಪ್ಪು. ಕ್ರಿಮಿ ಎಲ್ಲ ಸತ್ತಿರ್ತಾವೆ.”

“ಸತ್ತು ಎಲ್ಲಿಗೆ ಹೋಗ್ತಾವೆ? ಅದರಾಗೇ ಇರ್ತಾವೇನು?”

ಅದನ್ನು ನರ್ಸಮ್ಮ ಹೇಳಿರಲಿಲ್ಲ.

ಪಕ್ಕದ ಮನೆಯಾಕೆ ಕಿಟಕಿಯಿಂದ ಇಣುಕಿ, “ಏನ್ರೀ ಅಕ್ಕಾರೆ, ದಿನಾ ಬಾಟಲಿ ಸಾರು ಮಾಡ್ತೀರಿ. ಒಂದಿನ ನಮಗೂ ಬಡಿಸ್ರಿ,” ಎನ್ನುತ್ತಿದ್ದಳು. ಮೊಂಡು ಹಿಡಿದ ಕೂಸಿಗೆ ಮೂತಿಯ ಬಟ್ಟಲು, ಒಳಲೆಯಲ್ಲಿ ಹಾಲು ಹಾಕಬಾರದೇ ಎಂದೂ ಅವಳೇ ಕೇಳಿದಳು. ಆದರೆ ಅತ್ತೆ ಹರಳೆಣ್ಣೆ ಕುಡಿಸಿದ್ದು ಒಳಲೆಯಲ್ಲೇ. ಅದರ ಮೂತಿ ಕಂಡರೆ ಸಾಕು, ಮಗು ತುಟಿ ಬಿಗಿದು ಯುದ್ಧಕ್ಕೆ ನಿಲ್ಲುತ್ತಿತ್ತು.

ಅತ್ತೆಯ ತಕರಾರು ಬೇರೆಯೇ ಇತ್ತು. ಬಾಟಲಿ ಗಾಜಿನದು, ಒಳಗಿನ ಹಾಲು ಹೋಗಿಬರುವವರಿಗೆಲ್ಲ ಕಾಣುತ್ತದೆ, ಕಂಡವರ ಕಣ್ಣು ಹಾಲಿಗೆ ತಾಗುತ್ತದೆ, ಅದಕ್ಕೇ ಕೂಸು ಕುಡಿಯುತ್ತಿಲ್ಲ. ನರ್ಸಮ್ಮನ ಕ್ರಿಮಿಯೂ ಕಣ್ಣಿಗೆ ಕಾಣದು, ಅತ್ತೆಯ ದೃಷ್ಟಿಯೂ ಕಾಣದು. ಒಂದನ್ನು ನಾನು ನಂಬಿದ್ದೆ, ಇನ್ನೊಂದನ್ನು ಅವರು.

ಒಂದು ಬೆಳಿಗ್ಗೆ ಮಗು ಏನನ್ನಿಸಿತೋ ನಿಪ್ಪಲ್ಲಿಗೆ ಬಾಯಿ ಹಾಕಿತು. ಚೀಪಿತು, ಮತ್ತೆ ಚೀಪಿತು, ಹಾಲು ಬರಲಿಲ್ಲ. ಚಿಟ್ಟನೆ ಚೀರಿತು. ಬಿಚ್ಚಿ ನೋಡಿದರೆ ನಿಪ್ಪಲ್ಲಿನ ತೂತಿನಲ್ಲಿ ಕಪ್ಪು ಚೂರು.

“ಇದ್ದಿಲು ಹಾಕಿದ್ರೇನ್ರೀ ಅತ್ತೆ?”

“ಸಣ್ಣದು ಹಾಕೀನಿ. ತೊಳದು ಹಾಕೀನಿ.”

“ಕೂಸು ಕುಡಿಯೋ ಹಾಲಿಗೆ ಇದ್ದಿಲು ಹಾಕ್ತಾರಾ?”

“ನಮ್ಮೂರಾಗೆ ಹಾಲು ಹೊಸ್ತಿಲು ದಾಟಿದ್ರೆ ಹಾಕ್ತೀವಿ, ಕಣ್ಣು ತಾಗಬಾರದು ಅಂತ. ಇದು ದಾಟದಿದ್ರೂ ಎಲ್ಲಾರಿಗೂ ಕಾಣ್ತೈತಲ್ಲ. ಬೇಕಾದ್ರೆ ನಾಳೆಯಿಂದ ಇದ್ದಿಲೂ ಕುದಿಸು, ಆಮೇಲೆ ಹಾಕಾಣ.”

ನಾನು ಏನೆಂದೆನೋ ನೆನಪಿಲ್ಲ. ಬಹಳ ಶಾಂತವಾಗಿ ತಿಳಿಸಿ ಹೇಳಿದೆ ಎಂದು ನೆನಪು ಸೂಚಿಸುತ್ತದೆ, ಅದು ನನಗೆ ಅನುಕೂಲವಾಗುವಂಥದ್ದನ್ನೇ ಸೂಚಿಸುತ್ತದೆ. ಅಂತೂ ಅಂದು ಸಂಜೆ ಅತ್ತೆ ಮುಖ ಊದಿಸಿಕೊಂಡು ಸೂಜಿ ದಾರ ಹಿಡಿದು ಕೂತರು. ಉಟ್ಟು ಉಟ್ಟು ಮೆತ್ತಗಾದ ನನ್ನ ನೂಲಿನ ಸೀರೆಯೊಂದು ಒಗೆಯಲು ಬಿದ್ದಿತ್ತು. ಅದರಿಂದ ತುಂಡು ಹರಿದು, ಬಾಟಲಿಗೊಂದು ಅಂಗಿ ಹೊಲಿದರು, ಕುತ್ತಿಗೆಗೆ ಲಾಡಿ ಸಮೇತ. ಹಾಲು ಯಾರಿಗೂ ಕಾಣದಂತಾಯಿತು.

ಮಗು ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಟಲಿಯ ಹಾಲು ಕುಡಿಯಿತು.

“ನೋಡ್ದ್ಯಾ?” ಎಂದರು ಅತ್ತೆ. ಅವರ ಲೆಕ್ಕದಲ್ಲಿ ದೃಷ್ಟಿ ತಪ್ಪಿತ್ತು. ಬಟ್ಟೆಯಲ್ಲಿ ನನ್ನ ಮೈವಾಸನೆ ಇತ್ತು, ಮಗು ಅದಕ್ಕೆ ಒಲಿಯಿತು ಎನ್ನುವುದು ನನ್ನ ವಿವರಣೆ. ಇದು ಆ ಕ್ಷಣವೇ ನನಗೆ ಹೊಳೆಯಿತು ಎಂದು ಹಲವರ ಮುಂದೆ ಹೇಳಿಕೊಂಡಿದ್ದೇನೆ. ಹೊಳೆದಿದ್ದರೆ ಮರುದಿನ ಬೆಳಿಗ್ಗೆ ಆ ಅಂಗಿಯನ್ನು ಸೋಡಾಪುಡಿ ಹಾಕಿ ಕುದಿಸುತ್ತಿರಲಿಲ್ಲ. ಕುದಿಸಿದೆ. ಮಗು ಮುಟ್ಟುವ ಬಟ್ಟೆ, ಕುದಿಸದೆ ಹೇಗೆ ಬಿಡುವುದು? ಕುದಿಸಿ ಒಣಗಿಸಿ ತೊಡಿಸಿ ಬಾಟಲಿ ಕೊಟ್ಟರೆ ಮಗು ಮುಖ ತಿರುಗಿಸಿತು.

ರಜೆ ಮುಗಿಯಲು ಉಳಿದಿದ್ದು ಆ ಶನಿವಾರ, ಭಾನುವಾರ ಅಷ್ಟೇ.

“ದೃಷ್ಟಿ ತಡಿಯೋದು ಹಳೇ ಬಟ್ಟೆ,” ಎಂದರು ಅತ್ತೆ. “ನೀನು ಕುದಿಸಿ ಹೊಸದು ಮಾಡಿಟ್ಟೀಯಲ್ಲ.”

ಮೈವಾಸನೆಯ ಮಾತು ನನಗೆ ಹೊಳೆದದ್ದು ಆಗಲೇ. ನನಗೆ ವಾಸನೆ ಬೇಕಿತ್ತು, ಅವರಿಗೆ ಹಳತು ಬೇಕಿತ್ತು. ಎರಡಕ್ಕೂ ದಾರಿ ಒಂದೇ. ಅಂಗಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟೋವ್ ಮುಂದೆ ರೊಟ್ಟಿ ಬಡಿದೆ, ಮನೆ ಒರೆಸಿದೆ, ಬೆವರಿದೆ. ರಾತ್ರಿ ಅದನ್ನು ಮೈಗೆ ಅಂಟಿಸಿಕೊಂಡೇ ಮಲಗಿದೆ. ಒಂದು ಕಡೆ ಬಾಟಲಿಯನ್ನು ಕ್ರಿಮಿ ಸಾಯುವಂತೆ ಕುದಿಸುತ್ತಿದ್ದೆ, ಇನ್ನೊಂದು ಕಡೆ ಅದೇ ಬಾಟಲಿಗಾಗಿ ಶ್ರದ್ಧೆಯಿಂದ ಕೊಳೆ ತಯಾರಿಸುತ್ತಿದ್ದೆ. ಭಾನುವಾರ ಸಂಜೆ ಮಗು ಸ್ವಲ್ಪ ಕುಡಿಯಿತು, ಸ್ವಲ್ಪ ಉಗುಳಿತು. ಗಂಡ ಅದನ್ನು ನೋಡಿ ಬಸ್ಸಿಗೆ ಹೋದರು.

ಸೋಮವಾರ ಬೋರ್ಡಿನಲ್ಲಿ ಯಾರನ್ನೋ ಯಾರಿಗೋ ಜೋಡಿಸಿ ಬೈಸಿಕೊಂಡೆ. ಮಧ್ಯಾಹ್ನ ಓಡಿ ಬಂದರೆ ಮಗು ನಿದ್ದೆಯಲ್ಲಿತ್ತು. ಅಲ್ಲಿಯವರೆಗೆ ಒಂದು ದಿನವೂ ಆ ಪಾತ್ರೆ ಮುಟ್ಟದ ಅತ್ತೆ ತಾವೇ ಬಾಟಲಿ ತೊಳೆದು ಕುದಿಯಲು ಇಟ್ಟಿದ್ದರು.

“ಕುಡೀತೇನ್ರೀ?”

“ಕುಡೀತು.”

“ಎಷ್ಟು?”

“ತೊಳದಿಟ್ಟೀನಲ್ಲವ್ವ. ಕುಡೀಲಿಲ್ಲ ಅಂದ್ರೆ ಯಾಕೆ ತೊಳೀಲಿ?”

ಕುದಿಸಿದ ಬಾಟಲಿಯಂಥ ಕೆಟ್ಟ ಸಾಕ್ಷಿ ಇನ್ನೊಂದಿಲ್ಲ, ಅದು ಏನನ್ನೂ ಉಳಿಸಿಕೊಂಡಿರುವುದಿಲ್ಲ. ಮಂಗಳವಾರವೂ ಹಾಗೇ, ಬುಧವಾರವೂ ಹಾಗೇ: ನಾನು ಬರುವ ಹೊತ್ತಿಗೆ ಬಾಟಲಿ ನೀರಿನೊಳಗೆ. ಮಗು ನಿಜವಾಗಿ ಬಾಟಲಿಯಲ್ಲೇ ಕುಡಿಯಿತೋ, ಇಲ್ಲ ಅತ್ತೆ ಚಮಚದಲ್ಲಿ ಹನಿಹನಿಯಾಗಿ ಕುಡಿಸಿ ಬಾಟಲಿಯನ್ನು ಸುಮ್ಮನೆ ತೊಳೆದಿಟ್ಟರೋ, ನನಗೆ ಇವತ್ತಿಗೂ ಗೊತ್ತಿಲ್ಲ. ತಿಂಗಳೊಪ್ಪತ್ತಿನಲ್ಲಿ ಅದು ಬಾಟಲಿಗೆ ಹೊಂದಿಕೊಂಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಮೊದಲ ವಾರದ ಬಗ್ಗೆ ಮಾತ್ರ ನನ್ನ ಬಳಿ ಇರುವುದು ಅತ್ತೆಯ ಮಾತು.

ಭಾನುವಾರ ಗಂಡ ಬಂದವರೇ ಕೇಳಿದ್ದು ನನ್ನನ್ನಲ್ಲ, ತಾಯಿಯನ್ನು: “ಬಾಟಲಿ ಹೆಂಗೆ?”

ಅತ್ತೆ ಬಾಟಲಿಯನ್ನು ತಂದು ಅವರ ಕೈಗಿಟ್ಟರು. ಹುಣಸೆಹಣ್ಣು ಹಾಕಿ ಉಜ್ಜಿದ್ದರು, ಪೊರೆ ಎಲ್ಲ ಹೋಗಿತ್ತು. “ನೋಡು, ಹೆಂಗೆ ಫಳಫಳ ಅಂತೈತೆ. ಕುಡಿಯಲಾರದ ಕೂಸಿನ ಬಾಟಲಿ ಹಿಂಗಿರ್ತೈತೇನು?”

ಗಂಡ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, ತಲೆಯಾಡಿಸಿದರು. ರಾಜೀನಾಮೆಯ ಮಾತು ಎತ್ತಲಿಲ್ಲ. ಸಂಜೆ ಅವರು ಬಸ್‌ಸ್ಟ್ಯಾಂಡಿಗೆ ಹೊರಟ ಮೇಲೆ ನಾನು ಅತ್ತೆಯ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. ಅಂಗಿಯನ್ನು ನನ್ನ ಮಡಿಲಿಗೆ ಎಸೆದು, “ಸೊಂಟಕ್ಕೆ ಸಿಕ್ಕಿಸ್ಕ,” ಎಂದರು. “ನಾಳೆ ನಿನಗೆ ಕೆಲಸ ಐತಲ್ಲ.”